ಮಂಚಿಕೆ ಇರಲಿ, ಬಂದೂಕು ಬೇಡ



ಸಾಲ ಮಾಡಿ ಬಿತ್ತಿದ ಹೆಸರು ಎರಡೆಲೆ ಬಿಟ್ಟ ವಾರದಲ್ಲೇ ಚಿಗರಿ ಹಿಂಡು ಹೊಲಕ್ಕೆ ಇಳಿದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಗದಗ, ಕೊಪ್ಪಳ, ಹಾವೇರಿ ಜಿಲ್ಲೆಗಳ ಎರೆ ಹೊಲಗಳಲ್ಲಿ ಇದು ವರ್ಷವರ್ಷದ ಗೋಳು. ಸವದತ್ತಿ ತಾಲೂಕಿನ ಸಿರಸಂಗಿಯಂಥ ಊರುಗಳದೂ ಅದೇ ತರಹದ ಬಯಲು, ಅದೇ ಬೆಳೆ. ಇಂಥ ಹೊತ್ತಿನಲ್ಲಿ ಯಾರಾದರೊಬ್ಬರು ಬಂದು, “ಬೇವಿನ ಗಿಡದ ಮೇಲೆ ಅಟ್ಟ ಕಟ್ಟು, ರಾತ್ರಿ ಬಂದೂಕು ಹಿಡಿದು ಕೂಡೋಣ, ಎರಡು ಉರುಳಿದರೆ ಉಳಿದವು ಈ ಕಡೆ ತಲೆ ಹಾಕುವುದಿಲ್ಲ” ಎಂದು ಹೇಳುವುದುಂಟು. ಈ ಮಾತಿಗೆ ಕಿವಿಗೊಡಬಾರದೆಂದು ಹೇಳುವುದೇ ಈ ಲೇಖನದ ಉದ್ದೇಶ. ನಿಮ್ಮ ಕಷ್ಟ ಸುಳ್ಳೆಂದು ಹೀಗೆ ಹೇಳುತ್ತಿಲ್ಲ. ಆ ಉಪಾಯದಿಂದ ನಿಮಗೇ ಹೆಚ್ಚು ಹಾನಿ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಬೇಟೆ ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸರ ವಿನೋದಗಳಲ್ಲೊಂದಾಗಿ ವಿವರಿಸಿದ್ದಾನೆ. ಆದರೆ ಒಕ್ಕಲಿಗನ ಮಂಚಿಕೆ ವಿನೋದಕ್ಕೆ ಹುಟ್ಟಿದ್ದಲ್ಲ. ಜೋಳ ಹಾಲುಗಾಳಾದಾಗ ನಾಲ್ಕು ಕಂಬ ನೆಟ್ಟು, ಮೇಲೆ ಕವಣಿ ಹಿಡಿದು ನಿಂತು ಹಕ್ಕಿ ಹೊಡೆಯಲು ಹುಟ್ಟಿದ್ದು. ಅದರ ಕೆಲಸ ಕಾಯುವುದು, ಕೊಲ್ಲುವುದಲ್ಲ.

ಮೊದಲು ಕಾನೂನನ್ನು ತಿಳಿದುಕೊಳ್ಳಿರಿ. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೇ ಗುಣವಾಗದಷ್ಟು ಗಾಯ ಅಥವಾ ರೋಗದಿಂದ ಬಳಲುತ್ತಿದ್ದರೆ ಮಾತ್ರ, ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ಕೊಲ್ಲಲು ಅಪ್ಪಣೆ ಕೊಡಬಹುದು. ಬೆಳೆ ತಿಂದಿತೆಂಬುದು ಅದಕ್ಕೆ ಕಾರಣವಾಗುವುದಿಲ್ಲ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಈ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಬೆಳೆ ರಕ್ಷಣೆಗೆಂದು ಪಡೆದ ಬಂದೂಕಿನ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಒಂದು ಮುಂಗಾರಿನ ಹೆಸರನ್ನು ಉಳಿಸಲು ಹೋಗಿ ಮೂರು ವರ್ಷದ ದುಡಿಮೆಯನ್ನೂ ಮನೆಯ ಮರ್ಯಾದೆಯನ್ನೂ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಎರಡನೆಯದು ಅಪಾಯ. ಕತ್ತಲಲ್ಲಿ ಅಲುಗಾಡಿದ್ದು ಚಿಗರಿಯೋ, ಪಕ್ಕದ ಹೊಲದಲ್ಲಿ ನೀರು ಹಾಯಿಸುತ್ತಿರುವ ನಿಮ್ಮ ದಾಯಾದಿಯೋ ಎಂಬುದನ್ನು ಗುಂಡು ಕೇಳುವುದಿಲ್ಲ. ಅಮೆರಿಕದಲ್ಲಿ ಮರದಟ್ಟದಿಂದ ಜಿಂಕೆ ಬೇಟೆಯಾಡಲು ಕಾನೂನಿನ ಒಪ್ಪಿಗೆಯಿದೆ. ಅದಕ್ಕೆ ಗೊತ್ತಾದ ಋತು ಉಂಟು, ಪರವಾನಗಿ ಉಂಟು. ಅಷ್ಟಿದ್ದೂ ಅಟ್ಟದಿಂದ ಬಿದ್ದು ಕೈಕಾಲು, ಬೆನ್ನು ಮುರಿದುಕೊಳ್ಳುವವರು ಅಲ್ಲಿ ಬಹಳ. ಅದಕ್ಕೆಂದೇ ಮೈಗೆ ಪಟ್ಟಿ ಬಿಗಿದುಕೊಂಡು ಏರಬೇಕೆಂದು ಅಲ್ಲಿ ಒತ್ತಿ ಹೇಳುತ್ತಾರೆ. ನಮ್ಮಲ್ಲಿ ಹಗ್ಗ ಬಿಗಿದ ನಾಲ್ಕು ಗಳದ ಮೇಲೆ ತೂಕಡಿಸುತ್ತ ಕೂಡುವವರು ಇದನ್ನು ನೆನಪಿಡತಕ್ಕದ್ದು. ಗುಡುಗು ಮಿಂಚಿರುವಾಗ ಗಿಡದ ಮೇಲೂ ಬೇಡ, ಗಿಡದ ಬುಡದಲ್ಲೂ ಬೇಡ. ಬೇಲಿಗೆ ನೇರವಾಗಿ ಕರೆಂಟು ಕೊಡುವುದಂತೂ ಗುಂಡಿಗಿಂತ ಕೆಟ್ಟದ್ದು. ಆ ತಂತಿಗೆ ಚಿಗರಿಯೂ ಒಂದೇ, ನಿಮ್ಮ ಎತ್ತೂ ಒಂದೇ, ಬುತ್ತಿ ತರುವ ಮಗಳೂ ಒಂದೇ.

ಹಾಗಾದರೆ ಬೆಳೆ ಉಳಿಸುವುದು ಹೇಗೆ? ಯಾವ ಬೆಳೆಯನ್ನು ಯಾವಾಗ ಕಾಯಬೇಕೆಂಬುದನ್ನು ಮೊದಲು ಅರಿತುಕೊಳ್ಳಿರಿ. ಜೋಳದ ಸುಳಿಯ ಬೆಳೆಯುವ ಮೊಗ್ಗು ಮೊದಲ ಕೆಲವು ವಾರ ಮಣ್ಣಿನೊಳಗೇ ಇರುತ್ತದೆ. ಆಗ ಮೇಲಿನ ಗರಿ ಮೇಯ್ದರೂ ಪೈರು ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಹೆಸರು, ಸೂರ್ಯಕಾಂತಿ ಹಾಗಲ್ಲ. ಅವುಗಳ ಕುಡಿ ಮೊಳೆತ ದಿನದಿಂದಲೇ ನೆಲದ ಮೇಲಿರುತ್ತದೆ. ಎಳೆಯದಿರುವಾಗ ಬೀಜದಳದ ಕೆಳಗೆ ಕತ್ತರಿಸಿಹೋದರೆ ಆ ಗಿಡ ಹೋದಂತೆಯೇ. ಆದ್ದರಿಂದ ಇವುಗಳಿಗೆ ಮೊದಲ ಮೂರು ನಾಲ್ಕು ವಾರದ ಕಾವಲು ಬಹಳ ಮುಖ್ಯ. ಚಿಗರಿ ಹೆಚ್ಚಾಗಿ ಹಗಲಿನ ಪ್ರಾಣಿ. ರಾತ್ರಿಯೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತು ನಸುಕಿನಲ್ಲಿ ನಿದ್ದೆ ಹೋದರೆ ಪ್ರಯೋಜನವಿಲ್ಲ. ನಸುಕು ಮತ್ತು ಸಂಜೆ ತಪ್ಪದೆ ಮಂಚಿಕೆಯ ಮೇಲೆ ಒಬ್ಬರಿರಲಿ. ಕೈಯಲ್ಲಿ ಕವಣಿ, ತಮಟೆ, ಬ್ಯಾಟರಿ ಇದ್ದರೆ ಸಾಕು.

ಅಕ್ಕಪಕ್ಕದವರು ಕೂಡಿ ಒಂದೇ ವಾರದಲ್ಲಿ ಬಿತ್ತಿರಿ. ಎಲ್ಲರಿಗಿಂತ ಮೊದಲು ಹಸುರಾದ ಒಂಟಿ ಹೊಲವೇ ಹಿಂಡಿಗೆ ಮೊದಲ ತುತ್ತಾಗುತ್ತದೆ. ಪಾಳಿ ಹಾಕಿಕೊಂಡು ಕಾಯ್ದರೆ ಒಬ್ಬನ ಮೇಲೆ ಭಾರ ಬೀಳುವುದಿಲ್ಲ. ಹಿಂಗಾರಿಯಲ್ಲಿ ಹೊಲದ ಸುತ್ತ ನಾಲ್ಕಾರು ಸಾಲು ಮುಳ್ಳಿನ ಕುಸುಬೆ ಹಾಕುವ ಹಿರಿಯರ ಪದ್ಧತಿಯನ್ನು ಬಿಡಬೇಡಿರಿ. ಅನುಕೂಲವಿದ್ದವರು ತಡೆದು ತಡೆದು ಮಿಡಿಯುವ ಸೌರ ಬೇಲಿಯ ಬಗ್ಗೆ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ರೈತ ಸಂಪರ್ಕ ಕೇಂದ್ರದಲ್ಲಾಗಲಿ ವಿಚಾರಿಸಿರಿ.

ಇಷ್ಟು ಹೇಳಿ ಕೈತೊಳೆದುಕೊಂಡರೆ ಅನ್ಯಾಯವಾದೀತು. ಚಿಗರಿ ದೇಶದ ಸ್ವತ್ತು ಎಂದಾದರೆ ಅದರ ಮೇವಿನ ಖರ್ಚನ್ನು ಐದೆಕರೆಯವನೊಬ್ಬನೇ ಏಕೆ ಕೊಡಬೇಕು? ಇದು ನೀವು ಕೇಳಬೇಕಾದ ಪ್ರಶ್ನೆ. ಆದರೆ ಗುಂಡಿನಿಂದಲ್ಲ, ಅರ್ಜಿಯಿಂದ. ಬೆಳೆ ಹಾನಿಯಾದ ಕೂಡಲೇ ಫೋಟೋ ತೆಗೆಸಿ, ಪಹಣಿ ಜೋಡಿಸಿ, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಬೆಳೆಗೆ ಯಾವ ಪರಿಹಾರ ಅನ್ವಯಿಸುತ್ತದೆಂದು ಬರವಣಿಗೆಯಲ್ಲೇ ಕೇಳಿರಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಗ್ರಾಮಸಭೆಯ ಠರಾವಿನೊಂದಿಗೆ ಹೋಗುವುದು ಲೇಸು.

ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ, ಹುಲ್ಲುಗಾವಲಿನ ಪ್ರಾಣಿ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅದಕ್ಕೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಲಾಯಿತು. ಆದರೆ ಅಲ್ಲಿಯ ಬಹು ಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ನೀಲಗಿರಿಯ ಕೆಳಗೆ ಹುಲ್ಲು ಸರಿಯಾಗಿ ಬೆಳೆಯದು. ಹುಲ್ಲು ಸಿಗದ ಪ್ರಾಣಿ ಹೊಲಕ್ಕೆ ಬಾರದೆ ಎಲ್ಲಿಗೆ ಹೋದೀತು? ನಮ್ಮ ಊರುಗಳಲ್ಲಿಯೂ ಗಾಯರಾಣ ಒತ್ತುವರಿಯಾಗಿ, ಉಳಿದದ್ದು ಜಾಲಿ ಬೆಳೆದು ಹಾಳಾಗಿದ್ದರೆ, ಅದನ್ನು ಬಿಡಿಸಿ ಹುಲ್ಲು ಬೆಳೆಸುವುದು ನಿಮ್ಮ ದನಕ್ಕೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು.

1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬಿಟ್ಟುಹೋದರು. ಮುಂದಿನವರಿಗಾಗಿ ಉಳಿಸುವುದೆಂದರೇನೆಂದು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಈ ಸಲ ಬಿತ್ತಿಗೆ ಮುಗಿದ ಮೇಲೆ ಮಂಚಿಕೆ ಕಟ್ಟಿರಿ, ಗಟ್ಟಿಯಾಗಿ ಕಟ್ಟಿರಿ. ಪಾಳಿಯ ಪಟ್ಟಿಯನ್ನು ಇಂದೇ ಬರೆಯಿರಿ.