ಅಪ್ಪಣೆ ಒಂದೇ, ಅರ್ಥ ಎರಡು

ಕಳೆದ ತಿಂಗಳು ನನ್ನ ತಂಗಿಯ ಮಗನು ನಮ್ಮ ತಾಯಿಯವರನ್ನು ಕೂರಿಸಿಕೊಂಡು, ಅವರ ಸೋಬಾನೆ ಪದಗಳನ್ನು ಚಿತ್ರೀಕರಿಸಿದನು. ಅದಕ್ಕೆಂದು ಪೈಥಾನ್ ಭಾಷೆಯಲ್ಲಿ ತಾನೇ ಒಂದು ಪ್ರೋಗ್ರಾಮು ಬರೆದಿದ್ದನು. ಅದು ಚಿತ್ರ ಹಿಡಿಯುವ ಮತ್ತೊಂದು ಪ್ರೋಗ್ರಾಮನ್ನು ಕೆಲಸಕ್ಕೆ ಹಚ್ಚಿ, ಮೂವತ್ತು ನಿಮಿಷದ ಗಡುವು ತೀರಿದೊಡನೆ ‘ಟರ್ಮಿನೇಟ್’ ಎಂದು ಅಪ್ಪಣೆ ಕೊಡುವುದು. ಅವನ ಲಿನಕ್ಸ್ ಯಂತ್ರದಲ್ಲಿ ಎಲ್ಲವೂ ಸುಸೂತ್ರ. ನಮ್ಮ ಮನೆಯಲ್ಲಿರುವುದು ವಿಂಡೋಸ್. ಹಾಡು ಮುಗಿಯಿತು, ಕಡತವೂ ಉಳಿಯಿತು. ಆದರೆ ಅದು ತೆರೆಯಲೇ ಇಲ್ಲ!

“ಎರಡು ಕಡೆಯೂ ಅದೇ ಅಪ್ಪಣೆಯಲ್ಲವೆ, ಮಾವ?” ಎಂದನು.

ಅಪ್ಪಣೆ ಅದೇ, ಅರ್ಥ ಬೇರೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್‌ನ ಪದ್ಧತಿಯನ್ನು ಲಿನಕ್ಸ್ ಅನುಸರಿಸುತ್ತದೆ. ಅಲ್ಲಿ ಪ್ರೋಗ್ರಾಮುಗಳಿಗೆ ಸಂಜ್ಞೆ ಕಳುಹಿಸುವ ರೂಢಿಯುಂಟು. 15ನೆಯ ಸಂಜ್ಞೆ ‘ಕೆಲಸ ಮುಗಿಸಿ ಹೊರಡು’ ಎಂಬ ಕೋರಿಕೆ. ಕೇಳಿದವನು ಎಲ್ಲವನ್ನೂ ಓರಣಗೊಳಿಸಿ ಹೊರಡಬಹುದು. 9ನೆಯದು ಮರಣಶಾಸನ, ಅದನ್ನು ತಡೆಯುವ ಶಕ್ತಿ ಯಾವ ಪ್ರೋಗ್ರಾಮಿಗೂ ಇಲ್ಲ. ಪೈಥಾನಿನ ‘ಟರ್ಮಿನೇಟ್’ ಲಿನಕ್ಸ್‌ನಲ್ಲಿ ಆ ಕೋರಿಕೆ. ವಿಂಡೋಸ್‌ನಲ್ಲಿಯಾದರೋ ನೇರವಾಗಿ ಮರಣಶಾಸನ. ಎಂಪಿ4 ಕಡತದ ಪರಿವಿಡಿಯನ್ನು ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುತ್ತಾರೆ. ಅದನ್ನು ಬರೆಯುವ ಮೊದಲೇ ಬರೆಯುವವನ ಕತ್ತು ಹಿಸುಕಿದರೆ, ಅರ್ಧ ಗಂಟೆಯ ಹಾಡು ಒಳಗಿದ್ದೂ ಇಲ್ಲದಂತೆಯೇ!

ಹಾಗಾದರೆ ಉಪಾಯವೇನು? ಮೊದಲು, ಎರಡು ಕಡೆಯೂ ಒಂದೇ ಅರ್ಥ ಕೊಡುವ ಮಾತಿನಲ್ಲಿ ಹೇಳಬೇಕು. ಚಿತ್ರ ಹಿಡಿಯುವ ಈ ಪ್ರೋಗ್ರಾಮು ಕೀಲಿಮಣೆಯಲ್ಲಿ ‘ಕ್ಯೂ’ ಒತ್ತಿದರೆ ತಾನಾಗಿ ಮುಗಿಸಿ ಏಳುತ್ತದೆ. ಗಡುವು ತೀರಿದಾಗ ಆ ಅಕ್ಷರವನ್ನೇ ಅದಕ್ಕೆ ಕಳುಹಿಸಿದರಾಯಿತು. ಬಳಿಕ ಕೆಲವು ಸೆಕೆಂಡು ತಾಳ್ಮೆಯಿಂದ ಕಾಯಬೇಕು. ಆಗಲೂ ಏಳದಿದ್ದರೆ ಮಾತ್ರವೇ ಬಲಪ್ರಯೋಗ. ಅದು ಹುಟ್ಟಿಸಿದ ಮರಿಗಳೂ ಇರಬಹುದೆಂಬುದನ್ನು ಮರೆಯಬಾರದು: ತಾಯಿ ಸತ್ತರೂ ಮರಿಗಳು ದುಡಿಯುತ್ತಲೇ ಇರುವುದುಂಟು. ಆದುದರಿಂದ ಲಿನಕ್ಸ್‌ನಲ್ಲಿ ಅವನ್ನೆಲ್ಲ ಮೊದಲೇ ಒಂದು ಗುಂಪಾಗಿಯೂ, ವಿಂಡೋಸ್‌ನಲ್ಲಿ ‘ಜಾಬ್ ಆಬ್ಜೆಕ್ಟ್’ ಎಂಬ ಕಟ್ಟಿನಲ್ಲಿಯೂ ಇರಿಸುವುದು ಕ್ಷೇಮ. ಕಡೆಯದಾಗಿ, ಮುಗಿಯಿತೆಂಬ ಉತ್ತರವನ್ನು ಪಡೆದೇ ತೀರಬೇಕು. ಲಿನಕ್ಸ್‌ನಲ್ಲಿ ಹಾಗೆ ಮಾಡದಿದ್ದರೆ ಸತ್ತ ಪ್ರೋಗ್ರಾಮಿನ ಹೆಸರು ಪಟ್ಟಿಯಲ್ಲಿ ಪ್ರೇತದಂತೆ ಉಳಿಯುತ್ತದೆ.

ಹುಡುಗನು ಎಲ್ಲವನ್ನೂ ತಿದ್ದಿದನು. ಈ ಸಲ ಎರಡು ಯಂತ್ರಗಳಲ್ಲಿಯೂ ಪರೀಕ್ಷಿಸಿದನು. ಮೊನ್ನೆ ತಾಯಿಯವರು ಮತ್ತೆ ಹಾಡಿದರು. ಕಡತ ತೆರೆಯಿತು, ಮನೆಮಂದಿಯೆಲ್ಲ ಕುಳಿತು ಕೇಳಿದೆವು. ಆದರೆ ಮೊದಲ ದಿನ ತಾವಾಗಿ ನಾಲಿಗೆಗೆ ಬಂದಿದ್ದ ಎರಡು ಪದಗಳು ಈ ಸಲ ಅವರಿಗೆ ನೆನಪಾಗಲಿಲ್ಲ.