ಚಕ್ಕುಬಂದಿಯಲ್ಲಿ ಬರೆಯದ ಗಡಿ

ಕಡೂರಿನ ಅಂಚಿನ ಬಡಾವಣೆಯೊಂದರಲ್ಲಿ ಒಂದು ಸಾಲುಮನೆಯ ಗೇಟಿಗೆ ರಟ್ಟು ಕಟ್ಟಿದ್ದರು: ‘ಮನೆ ಮಾರಾಟಕ್ಕಿದೆ. ಸಂಸಾರಸ್ಥರಿಗೆ ಯೋಗ್ಯ. ಸ್ವಲ್ಪ ರಿಪೇರಿ ಮಾಡಿಸಿದರೆ ಹೊಸ ಮನೆಯಂತಾಗುತ್ತದೆ.’ ನಾನೂ ನಮ್ಮಣ್ಣನೂ ಎಮ್ಮೆದೊಡ್ಡಿಯಿಂದ ಬಸ್ಸು ಹತ್ತಿ ನೋಡಲು ಹೋದೆವು. ಅಣ್ಣನಿಗೆ ನೌಕರಿ ಇದೆ, ಬ್ಯಾಂಕಿನ ಸಾಲ ಸಿಗುತ್ತದೆ. ತಂಗಿ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗೋದು ತಪ್ಪುತ್ತದೆ ಅಂತ ಅವ್ವನ ಆಸೆ.

ಮನೆ ಯಜಮಾನರು ಒಳ್ಳೆಯ ಮಾತಿನವರು. ಕೂರಿಸಿ ಕಾಫಿ ಕೊಟ್ಟರು. ತಾರಸಿ ಸೋರುತ್ತೆ, ಸುಳ್ಳು ಹೇಳಲ್ಲ ಅಂದರು. ಹಿತ್ತಿಲಲ್ಲಿ ಇನ್ನೊಂದು ರೂಮು ಎತ್ತಬಹುದು ಅಂತ ಹೆಜ್ಜೆ ಹಾಕಿ ಅಳೆದು ತೋರಿಸಿದರು. ಹಜಾರದ ಎಡಗೋಡೆ ತಟ್ಟಿ, ‘ಇದೊಂದನ್ನು ಮಾತ್ರ ಒಡೆಯೋ ಹಂಗಿಲ್ಲ, ಪಕ್ಕದ ಮನೆಯವರಿಗೂ ಸೇರಿದ ಗೋಡೆ’ ಅಂದರು. ಆಮೇಲೆ ಕೇಳಿದರು:

‘ಯಾವೂರಾಯ್ತು?’

‘ಎಮ್ಮೆದೊಡ್ಡಿ.’

‘ಎಮ್ಮೆದೊಡ್ಡೀಲಿ ಯಾರ ಪೈಕಿ?’

ಅಣ್ಣ ನೆಲ ನೋಡಿದ. ನಾನು ಹೇಳಿದೆ. ಅವರು ಆ ಎಡಗೋಡೆಯ ಕಡೆ ಒಂದು ಸಲ ನೋಡಿ, ‘ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ’ ಅಂದರು. ಎರಡು ದಿನ ಬಿಟ್ಟು ದಲ್ಲಾಳಿಯ ಫೋನು: ‘ಅವರು ಮಾರೋದು ಬಿಟ್ರಂತೆ.’ ಮುಂದಿನ ವಾರ ಅದೇ ದಾರಿಯಲ್ಲಿ ಹೋದಾಗ ನೋಡಿದೆ. ರಟ್ಟು ಅಲ್ಲೇ ನೇತಾಡುತ್ತಿತ್ತು.

ಗೆಳೆಯರೇ, ಇದರಲ್ಲಿ ಹೊಸದೇನೂ ಇಲ್ಲ. ನನ್ನನ್ನು ಬರೆಯಲು ಕೂರಿಸಿದ್ದು ಅಣ್ಣನ ಮಾತು. ‘ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟೊತ್ತಿಗೆ ಮನೆ ನಮ್ದಾಗ್ತಿತ್ತು’ ಅಂದ. ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಅವನ ಸಿಟ್ಟು ಸುಳ್ಳಲ್ಲ. ಹಾಗೆ ಬಾಯಿ ಮುಚ್ಚಿ ಮನೆ ಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅವರ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಒಳಕೋಣೆಯಲ್ಲಿರುತ್ತದೆ. ಊರಿಂದ ಬಂದ ತಾಯಿಗೆ ‘ಮೆಲ್ಲಗೆ ಮಾತಾಡವ್ವ’ ಅನ್ನುತ್ತಾರೆ. ಬಾಡು ಬೇಯಿಸುವ ದಿನ ಕಿಟಕಿ ಮುಚ್ಚುತ್ತಾರೆ. ಮಕ್ಕಳಿಗೆ ಅಜ್ಜನ ಕೇರಿ ಗೊತ್ತಿಲ್ಲ. ನಾನು ಅವರನ್ನು ಬೈಯುವುದಿಲ್ಲ, ಹೆದರಿಕೆ ಅವರ ತಪ್ಪಲ್ಲ. ಆದರೆ ಇದು ಕ್ರಯದ ಮನೆಯೇ? ಕ್ರಯಪತ್ರ ಕೈಯಲ್ಲಿದ್ದರೂ ದಿನಾ ಮೌನದ ಬಾಡಿಗೆ ಕಟ್ಟುವ ಮನೆ ಅದು. ಪತ್ರದ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಗಡಿ ಬರೆಯುತ್ತಾರೆ. ಐದನೆಯ ಗಡಿಯನ್ನು ಬರೆಯುವುದಿಲ್ಲ, ಕೇಳುತ್ತಾರೆ.

ಈ ಅನುಭವ ಬಾಬಾಸಾಹೇಬರಿಗೂ ಆಯಿತು. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಇರಲು ಜಾಗ ಸಿಗದೆ ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಅಮೆರಿಕದಲ್ಲಿ ಓದಿ ಬಂದವರು ಊರಿನ ಪಾರ್ಕಿನಲ್ಲಿ ಕೂತು, ರಾತ್ರಿ ರೈಲಿಗೆ ಮುಂಬಯಿಗೆ ವಾಪಸಾದರು. ಅದೇ ಬಾಬಾಸಾಹೇಬರು 1930ರ ದಶಕದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲೇ, ಸ್ವಂತ ಹೆಸರಲ್ಲೇ, ಪುಸ್ತಕಗಳಿಗೆಂದು ರಾಜಗೃಹ ಕಟ್ಟಿದರು. ಮುಚ್ಚಿಟ್ಟ ಹೆಸರು ಹನ್ನೊಂದು ದಿನ ಬಾಳಿತು. ರಾಜಗೃಹ ಇವತ್ತಿಗೂ ನಿಂತಿದೆ.

ನಮ್ಮ ಸೀಮೆಯನ್ನೇ ನೋಡಿ. ಮೈಸೂರು ಅರಸರು ಅಮೃತಮಹಲ್ ದನಗಳಿಗೆಂದು ಇಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಅಜ್ಜಂಪುರದಲ್ಲಿ ಆ ತಳಿಯ ಕೇಂದ್ರ ಈಗಲೂ ಇದೆ. ದನಕ್ಕೆ ಗಡಿ ಹಾಕಿ ನೆಲ ಬಿಟ್ಟ ನಾಡಿನಲ್ಲಿ ಸತ್ತ ದನ ಹೊತ್ತವರಿಗೆ ಊರಾಚೆಯೇ ಗತಿಯಾಯಿತು. ಈಗ ದುಡ್ಡು ಕೊಟ್ಟು ಕೊಳ್ಳುತ್ತೇವೆ ಅಂದರೂ ಊರೊಳಗೆ ಬಿಡುವುದಿಲ್ಲ.

‘ಅವರ ಮನೆ, ಅವರಿಷ್ಟ’ ಅನ್ನುವವರಿದ್ದಾರೆ. ಇಷ್ಟವಿಲ್ಲದಿದ್ದರೆ ರಟ್ಟು ಯಾಕೆ ಕಟ್ಟಬೇಕಿತ್ತು? ರಟ್ಟಿನ ಮೇಲೆ ರಿಪೇರಿ ಇದೆ ಅಂತ ಬರೆದರು, ಜಾತಿ ಬರೆಯಲಿಲ್ಲ. ಬರೆದರೆ ಸಿಕ್ಕಿಬೀಳುತ್ತೇವೆ ಅಂತ ಅವರಿಗೂ ಗೊತ್ತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ಇರಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು ಅದರ 4ನೇ ಕಲಮಿನಲ್ಲಿ ಅಪರಾಧ. ಒಂದರಿಂದ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. ಮನೆಯ ಬೆಲೆ ಲಕ್ಷ ಲಕ್ಷ ಏರಿತು, ನಮ್ಮ ಅವಮಾನದ ಬೆಲೆ 500 ದಾಟಲಿಲ್ಲ!

‘ಜಾತಿಗೇ ಬೇಡ ಅಂದರು ಅನ್ನೋಕೆ ಸಾಕ್ಷಿ ಏನು?’ ಅಂತ ಕೇಳುತ್ತಾರೆ. ಅದೇ ಕಾಯ್ದೆಯ 12ನೇ ಕಲಮು ಓದಿ. ಈ ಕಾಯ್ದೆಯಡಿ ಅಪರಾಧವಾಗುವ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ, ಅಲ್ಲ ಅಂತ ರುಜುವಾಗುವ ತನಕ ಅಸ್ಪೃಶ್ಯತೆಯೇ ಕಾರಣ ಅಂತ ಕೋರ್ಟು ಭಾವಿಸಬೇಕು. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಬಣ್ಣ ನೋಡಿ ಮನೆ ಮಾರದಿರುವುದು ಕಾನೂನಿಗೆ ವಿರುದ್ಧವಾಯಿತು. ನಮ್ಮ ಕಾಯ್ದೆ ಅದಕ್ಕಿಂತ ಹದಿಮೂರು ವರ್ಷ ಹಿರಿಯದು. ವಯಸ್ಸಾಗಿದೆ, ದುಡಿಸಿಕೊಂಡವರಿಲ್ಲ.

‘ಸೈಟೇ ಇಲ್ಲದವರು ಸಾವಿರ ಜನ ಇರುವಾಗ ನೌಕರಿಯವರ ಮನೆ ಚಿಂತೆ ಯಾಕೆ?’ ಅಂತ ನಮ್ಮ ಸಂಗಾತಿಗಳೇ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪೇಟೆಯಲ್ಲಿ ನಮ್ಮವರದೊಂದು ಮನೆ ಆದರೆ ಕೇರಿಯ ನಾಲ್ಕು ಮಕ್ಕಳು ಅಲ್ಲಿ ಮಲಗಿ ಓದುತ್ತಾರೆ. ಮನೆ ಕೊಂಡವನು ಹೆಸರು ಮುಚ್ಚಿಟ್ಟಿದ್ದರೆ ಅವನ ಬಾಗಿಲು ಮೊದಲು ಮುಚ್ಚುವುದೇ ಆ ಮಕ್ಕಳಿಗೆ. ಮೌನದ ಬಾಡಿಗೆಯನ್ನು ಕೊನೆಗೆ ಕಟ್ಟುವುದು ಕೇರಿಯೇ.

ಬಾವಿಗೆ, ಹೋಟೆಲಿಗೆ, ಗುಡಿಗೆ ನಾವು ಗುಂಪಾಗಿ ಹೋದೆವು. ಮನೆ ನೋಡಲು ಮಾತ್ರ ಒಬ್ಬೊಬ್ಬರೇ ಕಳ್ಳರ ಹಾಗೆ ಹೋಗುತ್ತೇವೆ. ಇನ್ನು ಮುಂದೆ ಸಂಘದಿಂದ ಇಬ್ಬರು ಜೊತೆಗಿರಲಿ. ಕೊಳ್ಳುತ್ತೇವೆ ಅನ್ನುವುದನ್ನು ಬೆಲೆ ಸಮೇತ ಕಾಗದದಲ್ಲಿ ಬರೆದುಕೊಡೋಣ. ಇಲ್ಲ ಅಂದ ದಿನ, ತಾರೀಕು, ಮಾತು ಒಂದು ಪುಸ್ತಕದಲ್ಲಿ ದಾಖಲಾಗಲಿ. ಆ ಪುಸ್ತಕ ಹಿಡಿದು ಪೊಲೀಸ್ ಠಾಣೆಗೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಹೋಗೋಣ.

ಮೊನ್ನೆ ಅಣ್ಣ ತಾನಾಗೇ ಮಾತಾಡಿದ. ಬೀರೂರು ರಸ್ತೆಯಲ್ಲಿ ಇನ್ನೊಂದು ಮನೆಗೆ ರಟ್ಟು ಕಟ್ಟಿದ್ದಾರಂತೆ. ‘ನೀನೂ ಬಾ’ ಅಂದ. ‘ಕೇಳಿದರೆ ಯಾರು ಹೇಳೋದು?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೇ ಹೇಳ್ತೀನಿ’ ಅಂದ.

ಜೈ ಭೀಮ್.