ಮಣಿಕಟ್ಟಿನ ಹಗ್ಗ: ಎಳೆ ಎಣಿಸಿ ಕೊಳ್ಳಿ

ಕೈಗೆಲಸದ ಈ ಪುಟದಲ್ಲಿ ಈ ತಿಂಗಳು ಒಂದು ಬಳೆಯ ವಿಚಾರ ಎತ್ತಿಕೊಂಡಿದ್ದೇವೆ. ಇದು ಚಿನ್ನದ್ದಲ್ಲ, ಗಾಜಿನದೂ ಅಲ್ಲ, ಹಗ್ಗದ್ದು. ಶಾಲೆ ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ದಪ್ಪನೆಯ, ಬಣ್ಣದ, ಜಡೆಯಂತೆ ಹೆಣೆದ ಪಟ್ಟಿಯೊಂದನ್ನು ಓದುಗರು ನೋಡಿರಬಹುದು. ಅದನ್ನು ಹೆಣೆಯುವ ಹಗ್ಗಕ್ಕೆ ಪ್ಯಾರಾಕಾರ್ಡ್, ಅಂದರೆ ಪ್ಯಾರಾಚೂಟಿನ ಹಗ್ಗ ಎಂದು ಹೆಸರು. ತೊಟ್ಟಾಗ ಅದು ಅಲಂಕಾರ, ಬಿಚ್ಚಿದಾಗ ಎಂಟು ಒಂಬತ್ತು ಅಡಿ ಉದ್ದದ ಗಟ್ಟಿ ಹಗ್ಗ. ದಾರಿಯಲ್ಲಿ ಚೀಲದ ಪಟ್ಟಿ ಹರಿದರೆ, ಮಳೆಗೆ ಟಾರ್ಪಾಲು ಕಟ್ಟಬೇಕಾದರೆ, ಸ್ಕೂಟರಿನ ಮೇಲೆ ಗಂಟುಮೂಟೆ ಬಿಗಿಯಬೇಕಾದರೆ ಕೈಗೆ ಸಿಗುವ ವಸ್ತು.

ಇದನ್ನು ಮನೆಯಲ್ಲೇ ಹೆಣೆಯಬಹುದು. ವೈರ್ ಬುಟ್ಟಿ, ಮ್ಯಾಕ್ರಮೆ ಚೀಲ ಹೆಣೆದ ಸಹೋದರಿಯರಿಗೆ ಒಂದು ಗಂಟೆಯ ಕೆಲಸ. ಹೆಣೆಯುವುದಕ್ಕಿಂತ ಕಷ್ಟವಾದದ್ದು ಸರಿಯಾದ ಹಗ್ಗವನ್ನು ಆರಿಸುವುದು. ಆದ್ದರಿಂದ ಮೊದಲು ಆ ವಿಚಾರ.

ಹಗ್ಗ ನಮಗೆ ಹೊಸದಲ್ಲ

ಕುಂದುರ್ಪಿ, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರದ ಸೀಮೆ ಆಂಧ್ರಪ್ರದೇಶಕ್ಕೆ ಸೇರಿದ್ದರೂ ಕರ್ನಾಟಕದ ಗಡಿಗೆ ಹೊಂದಿಕೊಂಡಿದೆ. ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳು ಅಲ್ಲಿ ಹಲವಾರು. ಗಲ್ಲಾಪೆಟ್ಟಿಗೆಯ ಮುಂದೆ 'ತಾಡು' ಎನಿಸಿಕೊಂಡದ್ದು ಒಳಮನೆಯಲ್ಲಿ 'ಹಗ್ಗ' ಆಗುತ್ತದೆ. ಮಳೆ ಕಡಿಮೆ ಇರುವ ಈ ನೆಲದಲ್ಲಿ ಆಳದ ಬಾವಿಯಿಂದ ನೀರು ಸೇದಿದ ಹಿರಿಯರಿಗೆ ಹಗ್ಗದ ಬೆಲೆ ಗೊತ್ತು. ಹೊಲದ ಬದುವಿನ ಕತ್ತಾಳೆಯನ್ನು ಕೊಯ್ದು, ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆಯುತ್ತಿದ್ದರು. ಕಡಲೆಕಾಯಿ ಸುಗ್ಗಿಯಲ್ಲಿ ದಬ್ಬಳಕ್ಕೆ ಸುತಲಿ ಪೋಣಿಸಿ ಗೋಣಿಚೀಲದ ಬಾಯಿ ಹೊಲಿಯುವುದನ್ನು ನೋಡದ ವ್ಯಾಪಾರಿ ಮನೆಯ ಮಕ್ಕಳು ಯಾರಿದ್ದಾರೆ?

ಹೊಸೆದ ಹಗ್ಗಕ್ಕೂ ಪ್ಯಾರಾಕಾರ್ಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕತ್ತಾಳೆ ಹಗ್ಗದ ಎಳೆಗಳೆಲ್ಲ ಹೊರಗೇ ಕಾಣುತ್ತವೆ. ಒಂದು ಸವೆದರೆ ಕಣ್ಣಿಗೆ ಬೀಳುತ್ತದೆ. ಪ್ಯಾರಾಕಾರ್ಡಿನಲ್ಲಿ ಹೊರಗೆ ನುಣುಪಾದ ಹೆಣಿಗೆಯ ಕೊಳವೆ, ಅದರೊಳಗೆ ಪ್ರತ್ಯೇಕ ಎಳೆಗಳು. ಬಲದ ದೊಡ್ಡ ಪಾಲು ಆ ಒಳಗಿನ ಎಳೆಗಳದು. ಹೊರಗಿನ ಬಣ್ಣ ನೋಡಿ ಕೊಂಡವರು ಮೋಸಹೋಗುವುದು ಇಲ್ಲಿಯೇ.

ರೇಷ್ಮೆಯಿಂದ ನೈಲಾನಿಗೆ

ಮೊದಲು ಪ್ಯಾರಾಚೂಟಿನ ಬಟ್ಟೆ, ಹಗ್ಗ ಎರಡಕ್ಕೂ ರೇಷ್ಮೆಯನ್ನು ಬಳಸುತ್ತಿದ್ದರು. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ವಿಜ್ಞಾನಿ ವ್ಯಾಲೇಸ್ ಕರೋದರ್ಸ್ ನೈಲಾನನ್ನು ತಯಾರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಸಿಗದಾದಾಗ ನೈಲಾನ್ ಆ ಜಾಗಕ್ಕೆ ಬಂತು. ನೆಲಕ್ಕಿಳಿದ ಸೈನಿಕರು ಪ್ಯಾರಾಚೂಟಿನ ಹಗ್ಗವನ್ನು ಕತ್ತರಿಸಿಟ್ಟುಕೊಂಡು ಹತ್ತು ಕೆಲಸಕ್ಕೆ ಬಳಸಿದರು. 1997ರ ಫೆಬ್ರವರಿಯಲ್ಲಿ ಹಬಲ್ ದೂರದರ್ಶಕವನ್ನು ರಿಪೇರಿ ಮಾಡಲು ಹೋದ ಗಗನಯಾತ್ರಿಗಳೂ ಅದರ ಹರಿದ ಹೊದಿಕೆಗೆ ತೇಪೆ ಕಟ್ಟಲು ಇದೇ ಹಗ್ಗವನ್ನು ಬಳಸಿದರು.

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಗೂಡಿನೊಳಗಿನ ಜೀವಕ್ಕೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ರೇಷ್ಮೆ, ತೊಗಲು ಬೇಡವೆನ್ನುವ ನಮ್ಮ ಮನೆಗಳಿಗೆ ನೈಲಾನ್ ಹಗ್ಗ, ಪ್ಲಾಸ್ಟಿಕ್ ಬಕಲ್ ಅಡ್ಡಿಯಿಲ್ಲದ ವಸ್ತುಗಳು. ಸಿದ್ಧ ಬಳೆಗಳಲ್ಲಿ ಕೆಲವಕ್ಕೆ ತೊಗಲಿನ ತುಂಡು, ಮೂಳೆಯ ಮಣಿ ಸೇರಿಸಿರುತ್ತಾರೆ. ಕೇಳಿ ತಿಳಿದು ಕೊಳ್ಳಿರಿ.

ಅಂಗಡಿಯಲ್ಲಿ ಏನನ್ನು ನೋಡಬೇಕು

ಒಳ್ಳೆಯ ಹಗ್ಗಕ್ಕೆ '550' ಎಂಬ ಗುರುತು ಇರುತ್ತದೆ. 550 ಪೌಂಡು, ಅಂದರೆ ಸುಮಾರು 250 ಕಿಲೋ ಭಾರದವರೆಗೆ ಹರಿಯದು ಎಂದು ಅರ್ಥ. ದಪ್ಪ ಸುಮಾರು 4 ಮಿಲಿಮೀಟರ್. ಒಳಗೆ 7ರಿಂದ 9 ಎಳೆಗಳಿರುತ್ತವೆ. ಒಂದೊಂದು ಎಳೆಯೂ ಎರಡು ಮೂರು ಸಣ್ಣ ನೂಲು ಹೊಸೆದು ಆದದ್ದು. ಚೀಟಿಯ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು. ಆದ್ದರಿಂದ ಹೀಗೆ ಪರೀಕ್ಷಿಸಿರಿ.

1. ಎಳೆ ಎಣಿಸಿರಿ. ಕತ್ತರಿಸಿದ ತುದಿಯಲ್ಲಿ ಹೊರ ಹೆಣಿಗೆಯನ್ನು ಒಂದಂಗುಲ ಹಿಂದಕ್ಕೆ ಸರಿಸಿದರೆ ಒಳಗಿನ ಎಳೆಗಳು ಕಾಣುತ್ತವೆ. ಏಳಕ್ಕಿಂತ ಕಡಿಮೆ ಇದ್ದರೆ, ಅಥವಾ ಎಳೆಗಳ ಬದಲು ಹತ್ತಿಯಂಥ ಸಡಿಲ ನಾರು ತುರುಕಿದ್ದರೆ, ಅದು ಅಲಂಕಾರದ ಹಗ್ಗ.

2. ಹಿಸುಕಿ ನೋಡಿರಿ. ಎರಡು ಬೆರಳಿನ ನಡುವೆ ಒತ್ತಿದಾಗ ಚಪ್ಪಟೆಯಾಗಿ ಟೊಳ್ಳು ಅನಿಸಿದರೆ ಬೇಡ.

3. ನೀರಿಗೆ ಹಾಕಿರಿ. ಎರಡಂಗುಲದ ತುಂಡನ್ನು ಲೋಟದ ನೀರಿನಲ್ಲಿ ಮುಳುಗಿಸಿ, ಗಾಳಿ ಹೋಗುವಂತೆ ಹಿಸುಕಿ ಬಿಡಿರಿ. ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗುರ, ಮೇಲಕ್ಕೆ ತೇಲಿ ಬರುತ್ತದೆ. ಅದು ಅಗ್ಗ, ಬಲವೂ ಕಡಿಮೆ, ಬಿಸಿಗೆ ಬೇಗ ಕರಗುತ್ತದೆ.

4. ಸುಟ್ಟು ನೋಡಿರಿ. ನೀರಿನಲ್ಲಿ ಮುಳುಗಿದ್ದು ಪಾಲಿಯೆಸ್ಟರೂ ಇರಬಹುದು. ಸಣ್ಣ ತುಂಡನ್ನು ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ಬೆಂಕಿ ತಾಗಿಸಿದರೆ ಪಾಲಿಯೆಸ್ಟರ್ ಕಪ್ಪು ಮಸಿಯ ಹೊಗೆ ಕೊಡುತ್ತದೆ. ನೈಲಾನಿನ ಹೊಗೆ ಬಿಳಿಯಾಗಿದ್ದು, ಕರಗಿದ ತುದಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಕೆಟ್ಟದ್ದೆಂದಲ್ಲ, ಅದು ನೈಲಾನಿನಷ್ಟು ಹಿಗ್ಗುವುದಿಲ್ಲ. ಒಮ್ಮೆಲೇ ಎಳೆತ ಬಿದ್ದಾಗ ಹಿಗ್ಗಿ ತಾಳಿಕೊಳ್ಳುವುದು ನೈಲಾನಿನ ಗುಣ. ಈ ಪರೀಕ್ಷೆಯನ್ನು ದೊಡ್ಡವರೇ ಮಾಡಬೇಕು.

5. ಬಣ್ಣ ನೋಡಿರಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಟ್ಟರೆ ಮಕ್ಕಳ ಕೈಗೆ ಅದು ಬೇಡ.

ಬಕಲ್ ಶಾಲಾ ಚೀಲಕ್ಕೆ ಹಾಕುವಂಥದ್ದೇ, ಎರಡು ಕಡೆ ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್‌ನದು. ಸೀಟಿ, ದಿಕ್ಸೂಚಿ, ಕಿಡಿ ಹೊತ್ತಿಸುವ ಕಡ್ಡಿ, ಪುಟ್ಟ ಬ್ಲೇಡು ಸೇರಿಸಿದ ಬಕಲ್‌ಗಳೂ ಬರುತ್ತವೆ. ಸೀಟಿ ಇರಲಿ, ಬ್ಲೇಡು ಮತ್ತು ಕಿಡಿ ಕಡ್ಡಿ ಮಕ್ಕಳಿಗೆ ಬೇಡ.

ಅಳತೆ ಮತ್ತು ಲೆಕ್ಕ

ಮಣಿಕಟ್ಟಿನ ಸುತ್ತಳತೆಗೆ ಒಂದಂಗುಲ ಸೇರಿಸಿದರೆ ಬಳೆಯ ಉದ್ದ. ಬಳೆಯ ಒಂದಂಗುಲಕ್ಕೆ ಒಂದಡಿ ಹಗ್ಗ ಬೇಕು. ಮೇಲೆ ಒಂದಡಿ ಕೈಹಿಡಿತಕ್ಕೆ. ಆರೂವರೆ ಅಂಗುಲದ ಮಣಿಕಟ್ಟಿಗೆ ಏಳೂವರೆ ಅಂಗುಲದ ಬಳೆ, ಅದಕ್ಕೆ ಎಂಟೂವರೆ ಅಡಿ ಹಗ್ಗ. 100 ಅಡಿಯ ಸುರುಳಿಯಲ್ಲಿ ಈ ಅಳತೆಯ 11 ಬಳೆಗಳಾಗಿ ಆರೂವರೆ ಅಡಿ ಉಳಿಯುತ್ತದೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಎರಡು ಮೂರು ಮನೆಯವರು ಸೇರಿ ಒಂದು ಸುರುಳಿ ತರಿಸುವುದು ಲಾಭ.

ಹೆಣೆಯುವ ಕ್ರಮ

ಹಗ್ಗವನ್ನು ಸರಿಯಾಗಿ ನಡುವೆ ಮಡಿಸಿರಿ. ಮಡಿಕೆಯನ್ನು ಬಕಲ್‌ನ ಒಂದು ಭಾಗದ ಸೀಳಿನಲ್ಲಿ ತೂರಿಸಿ, ಎರಡೂ ತುದಿಗಳನ್ನು ಆ ಮಡಿಕೆಯೊಳಗಿಂದ ಎಳೆದು ಬಿಗಿಯಿರಿ. ತುದಿಗಳನ್ನು ಬಕಲ್‌ನ ಇನ್ನೊಂದು ಭಾಗದ ಸೀಳಿನಲ್ಲಿ ತೂರಿಸಿ, ಎರಡು ಭಾಗಗಳ ನಡುವಿನ ಅಂತರವನ್ನು ಬಳೆಯ ಉದ್ದಕ್ಕೆ ಹೊಂದಿಸಿರಿ. ಒಳಕ್ಕೆ ಹೋಗಿ ಸಿಕ್ಕಿಕೊಳ್ಳುವ ಬಕಲ್‌ನ ನಾಲಿಗೆಯನ್ನು ಅಳತೆಗೆ ಸೇರಿಸಬಾರದು. ಈಗ ನಡುವೆ ಎರಡು ಹಗ್ಗಗಳ ದಾರಿ, ಎಡಬಲಕ್ಕೆ ಉದ್ದನೆಯ ಎರಡು ತುದಿಗಳು ಇರುತ್ತವೆ. ಬಕಲ್‌ನ ಎರಡೂ ಭಾಗಗಳನ್ನು ಒಂದು ರಟ್ಟಿಗೆ ಅಂಟುಪಟ್ಟಿಯಿಂದ ಹಿಡಿಸಿಕೊಂಡರೆ ಕೆಲಸ ಸಲೀಸು.

ಎಡಗಡೆಯ ತುದಿಯನ್ನು ನಡುವಿನ ಹಗ್ಗಗಳ ಮೇಲಿನಿಂದ ಬಲಕ್ಕೆ ತನ್ನಿರಿ. ಎಡಗಡೆ ಒಂದು ಕುಣಿಕೆ ಉಳಿಯುತ್ತದೆ. ಬಲಗಡೆಯ ತುದಿಯನ್ನು ಅದರ ಮೇಲೆ ಇಳಿಬಿಟ್ಟು, ನಡುವಿನ ಹಗ್ಗಗಳ ಹಿಂದಿನಿಂದ ಎಡಕ್ಕೆ ಒಯ್ದು, ಆ ಕುಣಿಕೆಯೊಳಗಿಂದ ಮೇಲಕ್ಕೆ ತೆಗೆದು, ಎರಡನ್ನೂ ಸಮವಾಗಿ ಎಳೆಯಿರಿ. ಇದು ಅರ್ಧ ಗಂಟು. ಮುಂದಿನದನ್ನು ಬಲಗಡೆಯ ತುದಿಯಿಂದ ಇದೇ ರೀತಿ ಶುರುಮಾಡಿರಿ. ಒಮ್ಮೆ ಎಡ, ಒಮ್ಮೆ ಬಲ, ಹೀಗೆ ಇನ್ನೊಂದು ಕೊನೆ ಮುಟ್ಟುವವರೆಗೆ. ಒಂದೇ ಕಡೆಯಿಂದ ಹಾಕುತ್ತಾ ಹೋದರೆ ಬಳೆ ತಿರುಪಿನಂತೆ ಸುತ್ತಿಕೊಳ್ಳುತ್ತದೆ. ಎಲ್ಲ ಗಂಟಿಗೂ ಒಂದೇ ಬಿಗಿ ಇರಲಿ.

ಕೊನೆಯಲ್ಲಿ ತುದಿಗಳನ್ನು ಕಾಲಂಗುಲ ಬಿಟ್ಟು ಕತ್ತರಿಸಿ, ಮೇಣಬತ್ತಿಯ ಉರಿಗೆ ಹಿಡಿದು ಕರಗಿಸಿ, ಹಳೆಯ ಚಮಚದ ಬೆನ್ನಿನಿಂದ ಒತ್ತಿರಿ. ಬೆರಳಿನಿಂದ ಎಂದೂ ಒತ್ತಬಾರದು. ಕರಗಿದ ನೈಲಾನ್ ಚರ್ಮಕ್ಕೆ ಅಂಟಿಕೊಂಡು ಆಳವಾಗಿ ಸುಡುತ್ತದೆ. ಈ ಹೆಜ್ಜೆಯೂ ದೊಡ್ಡವರದೇ.

ಯಾವುದಕ್ಕೆ ಬಳಸಬಾರದು

ಈ ಭಾಗವನ್ನು ಮಕ್ಕಳಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ಕುಂದುರ್ಪಿಯ ಬೆಟ್ಟದ ಮೇಲೆ ಹಳೆಯ ಕೋಟೆಯಿದೆ. ಪೆನುಗೊಂಡೆ, ಪಾವಗಡದ ಬೆಟ್ಟಗಳ ಮೇಲೂ ಇದೆ. ರಜೆಯಲ್ಲಿ ಹುಡುಗರು ಇಂಥ ಬೆಟ್ಟಗಳನ್ನು ಹತ್ತುತ್ತಾರೆ. '250 ಕಿಲೋ ಹೊರುತ್ತದೆ, ನಾನು 50 ಕಿಲೋ' ಎಂದು ಲೆಕ್ಕ ಹಾಕಿ ಈ ಹಗ್ಗಕ್ಕೆ ಜೋತುಬಿದ್ದರೆ ಅಪಾಯ ಖಂಡಿತ.

ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿರಿ. 250 ಕಿಲೋ ಎಂಬುದು ಹೊಸ ಹಗ್ಗಕ್ಕೆ, ಗಂಟಿಲ್ಲದೆ, ನಿಧಾನವಾಗಿ ಭಾರ ಹಾಕಿದಾಗ ಹರಿಯುವ ಮಿತಿ. ಗಂಟು ಹಾಕಿದ ಕಡೆ ಬಲದಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಕಳೆಯುತ್ತದೆ. ಒದ್ದೆಯಾದರೆ ಇನ್ನಷ್ಟು ಕಡಿಮೆ. ಕಲ್ಲಿನ ಅಂಚಿಗೆ ಉಜ್ಜಿದರೆ ಕತ್ತರಿಸಿಹೋಗುತ್ತದೆ. ಕಾಲು ಜಾರಿ ಒಂದು ಮಾರು ಬಿದ್ದವನ ಎಳೆತ ಅವನ ತೂಕದ ಹಲವು ಪಟ್ಟು. ಆದ್ದರಿಂದ ಹರಿಯುವ ಮಿತಿಯ ಹತ್ತನೆಯ ಒಂದು ಪಾಲನ್ನು ಮಾತ್ರ ನಂಬಬೇಕು. ಅಂದರೆ 25 ಕಿಲೋ, ಒಂದು ಅಕ್ಕಿ ಚೀಲ. ಸಾಮಾನು ಕಟ್ಟಲು ಅಷ್ಟು ಸಾಕು, ಮನುಷ್ಯನ ಜೀವಕ್ಕೆ ಸಾಲದು.

ಬಾವಿಗೆ ಬಿದ್ದವರನ್ನು ಎತ್ತಲು, ಮಗುವಿನ ಉಯ್ಯಾಲೆ ಕಟ್ಟಲು, ಬಂಡೆ ಹತ್ತಲು ಇದು ಕೂಡದು. ರಕ್ತ ನಿಲ್ಲಿಸಲೆಂದು ಇಂಥ ಸಣ್ಣ ಹಗ್ಗವನ್ನು ಕೈಕಾಲಿಗೆ ಬಿಗಿದು ಕಟ್ಟಬಾರದು, ಅದು ಮಾಂಸವನ್ನು ಕೊರೆಯುತ್ತದೆ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. ಕಡಲೆಕಾಯಿ ಸುಲಿಯುವ ಯಂತ್ರ, ಎಣ್ಣೆ ಗಾಣ, ಬೆಲ್ಟು ತಿರುಗುವ ಯಾವುದೇ ಯಂತ್ರದ ಬಳಿ ಈ ಬಳೆಯನ್ನು ಕಳಚಿಡಬೇಕು. ಹರಿಯದ ಹಗ್ಗ ಯಂತ್ರಕ್ಕೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಹಸುಗೂಸುಗಳಿಗೆ ತೊಡಿಸಬೇಡಿ, ಯಾರೂ ಕೊರಳಿಗೆ ಕಟ್ಟಿಕೊಳ್ಳಬೇಡಿ.

ಬಿಸಿಲು ನೈಲಾನಿನ ಶತ್ರು. ವರ್ಷಗಟ್ಟಲೆ ಬಿಸಿಲಿನಲ್ಲಿದ್ದ ಹಗ್ಗ ಬಣ್ಣ ಮಾಸಿ ಒರಟಾಗಿದ್ದರೆ ಬದಲಿಸಿರಿ. ಬ್ಯಾಟರಿಯ ಆಸಿಡ್ ತಾಗಿದ ಹಗ್ಗವನ್ನು ನೋಡದೆ ಎಸೆಯಿರಿ.

ಮಾರುವವರಿಗೆ ಎರಡು ಮಾತು

ಇಂಥ ಬಳೆ ಹೆಣೆದು ಮಾರಲು ನಮ್ಮ ಸಹೋದರಿಯರಿಗೆ ಅವಕಾಶವಿದೆ. ಅಂಗಡಿಯಲ್ಲಿ ತರಿಸಿ ಮಾರುವವರೂ ಇದ್ದೀರಿ. ಟೊಳ್ಳು ಹಗ್ಗದ ಬಳೆಯೂ ಏಳೆಳೆಯ ಬಳೆಯೂ ಗಾಜಿನ ಕಪಾಟಿನಲ್ಲಿ ಒಂದೇ ರೀತಿ ಹೊಳೆಯುತ್ತವೆ. ಮೊದಲನೆಯದನ್ನು ಎರಡನೆಯದರ ಹೆಸರಿನಲ್ಲಿ ಕೊಟ್ಟರೆ ಗಿರಾಕಿಗೆ ಅಂದೇ ತಿಳಿಯುವುದಿಲ್ಲ. ತಿಳಿಯುವುದು ಅವನು ಅದನ್ನು ನಂಬಿ ಬಿಚ್ಚಿದ ದಿನ.

ನಮ್ಮ ಶಾಸ್ತ್ರಕಾರರಿಗೆ ಈ ಮೋಸ ಗೊತ್ತಿತ್ತು. ಅಚೌರ್ಯ ವ್ರತದ ಅತಿಚಾರಗಳಲ್ಲಿ ಕಳ್ಳ ತೂಕ ಅಳತೆಯ ಜೊತೆಗೆ 'ಪ್ರತಿರೂಪಕ ವ್ಯವಹಾರ'ವನ್ನೂ ತತ್ತ್ವಾರ್ಥಸೂತ್ರ ಸೇರಿಸಿದೆ. ಅಸಲಿಯಂತೆ ಕಾಣುವ ನಕಲನ್ನು ಅಸಲಿಯೆಂದು ಮಾರುವುದು ಎಂದು ಅದರ ಅರ್ಥ. ಅಲಂಕಾರದ ಬಳೆಯನ್ನು ಅಲಂಕಾರದ್ದೆಂದೇ ಹೇಳಿ ಮಾರಿದರೆ ಅದರಲ್ಲಿ ದೋಷವಿಲ್ಲ. ಬಳೆಗೊಂದು ಪುಟ್ಟ ಚೀಟಿ ಕಟ್ಟಿರಿ. ಯಾವ ನೂಲು, ಒಳಗೆ ಎಷ್ಟು ಎಳೆ, ಬಿಚ್ಚಿದರೆ ಎಷ್ಟು ಅಡಿ, 'ಇದಕ್ಕೆ ಜೋತುಬೀಳಬಾರದು', ಇಷ್ಟನ್ನು ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ತೆಲುಗಿನಲ್ಲಿಯೂ ಬರೆದರೆ ಸಾಕು.

ಶ್ರಾವಣದ ನೂಲಹುಣ್ಣಿಮೆಯಂದು ಹಸ್ತಿನಾಪುರದಲ್ಲಿ 700 ಮುನಿಗಳ ಉಪಸರ್ಗ ನೀಗಿಸಿದ ವಿಷ್ಣುಕುಮಾರ ಮುನಿಗಳನ್ನು ನೆನೆದು ರಕ್ಷೆಯ ದಾರ ಕಟ್ಟುವ ರೂಢಿ ನಮ್ಮಲ್ಲಿದೆ. ಆ ದಾರಕ್ಕೆ ಎಷ್ಟು ಎಳೆ ಎಂದು ಯಾರೂ ಕೇಳುವುದಿಲ್ಲ, ಕಟ್ಟಿದವರ ಮನಸ್ಸೇ ಅದರ ಬಲ. ಈ ಬಳೆಗೆ ಮಾತ್ರ ಎಳೆ ಎಣಿಸಲೇಬೇಕು. ಬರುವ ಹುಣ್ಣಿಮೆಗೆ ಅಕ್ಕತಂಗಿಯರು ಇದನ್ನೇ ಹೆಣೆದು ಕಟ್ಟುವುದಾದರೆ ಹಗ್ಗವನ್ನು ನೀರಿನಲ್ಲಿ ಹಾಕಿ ನೋಡಿಯೇ ಹೆಣೆಯಲಿ. ಹೆಣೆದವರು ತಮ್ಮ ಅನುಭವವನ್ನು ನಮಗೆ ಬರೆದು ತಿಳಿಸಿದರೆ ಸಂತೋಷ.

ಜೈ ಜಿನೇಂದ್ರ.